ಅಜ್ಜಿಯ ಕಾಲಿಗೆ ಬಂದ ಇರುವೆಗಳು

ಅರಿಶಿನದ ಡಬ್ಬಿ ತೆರೆದಾಗಲೆಲ್ಲ ನನಗೆ ಚಿಕ್ಕಂದಿನಲ್ಲಿ ಅಜ್ಜಿಯ ಊರಾದ ಕರಜಗಿಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. "ಕಾಲಾಗಿನ ಜೋಮ ಬಿಡವಲ್ದು," ಅಂದಳು. ಸೋಲಾಪುರದ ಚಿಗವ್ವ ಮರಾಠಿಯಲ್ಲಿ ಕೇಳಿದಳು: "ಮುಂಗ್ಯಾ ಆಲ್ಯಾ ಕಾ?"

"ಮುಂಗ್ಯಾ ಅಂದ್ರೇನ ಚಿಗವ್ವಾ?"

"ಇರವಿ. ಜೋಮ ಹಿಡದ್ರ ನಮ್ಮ ಕಡಿ ಇರವಿ ಬಂದಾವ ಅಂತೀವಿ."

ಇರುವೆಗೆ ಅರಿಶಿನವೇ ಮದ್ದೆಂದು ಅಜ್ಜಿಯಿಂದಲೇ ಕಲಿತಿದ್ದೆ. "ಹಚ್ಚತೀನಿ ತಡಿ," ಎಂದು ಹಿಡಿ ತುಂಬ ತಂದು, ಬಿರುಕುಬಿಟ್ಟ ಹಿಮ್ಮಡಿಗಳಿಗೆ, ಬೆರಳ ಸಂದಿಗಳಿಗೆ ಗಸಗಸ ತಿಕ್ಕಿದೆ. ಅಜ್ಜಿ ಬೀದಿಯ ಕಡೆ ನೋಡುತ್ತಿದ್ದಳು.

"ಇನ್ನ ಯಾವಾಗ ಹಚ್ಚತಿ ನನ್ನವ್ವಾ?" ಎಂದಳು.

"ಹಚ್ಚಿ ಮುಗೀತಲ್ಲ ಅಜ್ಜಿ!"

ಅಜ್ಜಿ ತಿರುಗಿ ತನ್ನ ಹಳದಿ ಪಾದಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕೆನ್ನೆ ಹಿಂಡಿ, "ಎಲ್ಲಾ ಇರವಿ ಓಡಿ ಹೋದ್ವು ನೋಡ," ಎಂದಳು.