ಘೇಂಡಾಮೃಗದ ಹೊಟ್ಟೆ

"ರೀ, ಅವನ ಕ್ಯಾಮೆರಾ ನಮ್ಮ ಕಡೆಗೇ ತಿರುಗಿದೆ."

ಜೊತೆಗಿದ್ದವಳು ಕೂದಲನ್ನು ಮುಖದ ಮೇಲೆ ಎಳೆದುಕೊಂಡಳು. ಕಲಾವಿಮರ್ಶಕ ಕಾಫಿ ಲೋಟ ಕೆಳಗಿಟ್ಟು ಗಾಜಿನಾಚೆ ನೋಡಿದ. ನೋಡಿ ನಕ್ಕ.

ಚೌಕದ ನಡುವೆ ಎರಡಾಳೆತ್ತರದ ಕರಿ ಕಬ್ಬಿಣದ ಘೇಂಡಾಮೃಗ ನಿಂತಿತ್ತು. ಊರವರೆಲ್ಲ ಅದರ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುವವರೇ. ಈ ಫೋಟೋಗ್ರಾಫರ್ ಮಾತ್ರ ಅದಕ್ಕೆ ಬೆನ್ನು ತಿರುಗಿಸಿ, ಕಪ್ಪೆಯ ಹಾಗೆ ಕುಕ್ಕರುಗಾಲಲ್ಲಿ ಕೂತು, ಕಾಫಿ ಅಂಗಡಿಯ ಗಾಜಿನಲ್ಲಿ ಮೂಡಿದ್ದ ಅದರ ಪ್ರತಿಬಿಂಬಕ್ಕೆ ಕ್ಯಾಮೆರಾ ಹಿಡಿದಿದ್ದ. ನಿನ್ನೆ ರಸ್ತೆಯಲ್ಲಿ ನಿಂತ ನೀರಿಗೆ, ಮೊನ್ನೆ ಬಸ್ಸಿನ ಕಿಟಕಿಗೆ ಹಿಡಿದಿದ್ದನಂತೆ.

"ಅಂಗೈ ಹುಣ್ಣಿಗೆ ಕನ್ನಡಿ ಹುಡುಕೋ ಗಿರಾಕಿ ಅವನು. ಎದುರಿಗೆ ಅಷ್ಟು ದೊಡ್ಡ ಪ್ರಾಣಿ ನಿಂತಿದ್ರೆ ಅದರ ನೆರಳಿಗೆ ಸಲಾಂ ಹೊಡೀತಿದಾನೆ."

"ನಾವು ಕಾಣಿಸಲ್ವಾ?"

"ಹುಚ್ಚಿ! ಹಗಲಲ್ಲಿ ಹೊರಗಿನವರಿಗೆ ಈ ಗಾಜು ಬರೀ ಕನ್ನಡಿ. ಕಲಾಶಾಲೆಯಲ್ಲಿ ಪಾಠ ಮಾಡೋನು ನಾನು, ಅಷ್ಟೂ ಗೊತ್ತಿಲ್ವಾ ನಂಗೆ?"

ಅವಳಿಗೆ ಸಮಾಧಾನವಾಯಿತು. ಅವನ ಹೆಗಲಿಗೆ ತಲೆ ಒರಗಿಸಿದಳು. "ನಿಮ್ಮ ಮಾವನವರು ಒಪ್ಪಿದ್ರಾ?"

"ಒಪ್ಪದೆ ಎಲ್ಲಿಗೆ ಹೋಗ್ತಾರೆ? ಸಂಗ್ರಹಾಲಯದಲ್ಲಿ ಇವನ ಫೋಟೋ ಪ್ರದರ್ಶನ ಇದೆಯಲ್ಲ, ಆ ದಿನವೇ ನನ್ನ ಹೆಸರಿನ ಘೋಷಣೆ."

ಮಾವನವರು ಊರಿನ ಕಲಾ ಸಂಗ್ರಹಾಲಯದ ಅಧ್ಯಕ್ಷರು. ನಿರ್ದೇಶಕನ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ಅವರ ಒಂದು ಮಾತಿನಲ್ಲಿತ್ತು. ಆ ಕುರ್ಚಿಗಾಗಿ ವಿಮರ್ಶಕ ವರ್ಷಗಟ್ಟಲೆ ಅವರ ಹಳಸಲು ಜೋಕುಗಳಿಗೆ ಬಿದ್ದು ಬಿದ್ದು ನಕ್ಕಿದ್ದ. ಮುದುಕರಿಗೆ ಕಲೆಯ ಗಂಧಗಾಳಿಯೂ ಇಲ್ಲವೆಂಬುದು ಅವನ ಖಚಿತ ಅಭಿಪ್ರಾಯ. ಆದರೆ ಆ ಕುರ್ಚಿ ಕೈತಪ್ಪಿದರೆ ಅವನು ಬದುಕಿದ್ದೂ ಸತ್ತಂತೆ.

ಪ್ರದರ್ಶನದ ಹಿಂದಿನ ದಿನವೇ ಪತ್ರಿಕೆಯಲ್ಲಿ ಫೋಟೋಗ್ರಾಫರನ ಮಾನ ಹರಾಜು ಹಾಕಿದ. ಒಂದು ಚಿತ್ರವನ್ನೂ ನೋಡಿರಲಿಲ್ಲ. ಅದರಲ್ಲಿ ನೋಡೋದೇನು ಬಂತು, ಮಣ್ಣಾಂಗಟ್ಟಿ!

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ಇವನು ಮಾವನ ತೋಳು ಹಿಡಿದು, ಚಿತ್ರ ಚಿತ್ರಕ್ಕೂ ಮೂಗು ಮುರಿಯುತ್ತಾ, ಅವರನ್ನು ನಡೆಸಿಕೊಂಡು ಬಂದ. ಕೊನೆಯ ಗೋಡೆಯನ್ನು ಒಂದೇ ಚಿತ್ರ ತುಂಬಿತ್ತು. ಗಾಜಿನ ತುಂಬ ಬಿಳಿ ಆಕಾಶ, ನಡುವೆ ಕರಿ ಘೇಂಡಾಮೃಗ.

"ನೋಡಿ ಮಾವ, ಶುದ್ಧ ಕಸ," ಎಂದ, ನಾಲ್ಕು ಜನಕ್ಕೆ ಕೇಳುವಂತೆ.

ಪಕ್ಕದಲ್ಲೇ ನಿಂತಿದ್ದ ಫೋಟೋಗ್ರಾಫರನಿಗೆ ರೇಗಿತು. "ಕಸ ಅಂತೆ! ಹತ್ತಿರ ಬಂದು ನೋಡ್ರೀ. ಆಕಾಶದ ಬೆಳಕು ಬಿದ್ದ ಕಡೆ ಮಾತ್ರ ಗಾಜು ಕನ್ನಡಿ. ಈ ಪ್ರಾಣಿಯ ಕಪ್ಪು ಬಿಂಬ ಬಿದ್ದ ಕಡೆ ಗಾಜು ಗಾಜೇ. ಒಳಗಿರೋದೆಲ್ಲ ಕಾಣುತ್ತೆ. ಹೊಟ್ಟೆಯ ಜಾಗದಲ್ಲಿ ಯಾವುದೋ ಜೋಡಿ ಕೂತಿತ್ತು, ಅದೇನು ಪ್ರೀತಿ ಅಂತೀರಿ! ಅದಕ್ಕೇ ಇಷ್ಟು ದೊಡ್ಡದು ಮಾಡಿಸಿದೆ." ಅಷ್ಟು ಹೇಳಿದವನು ವಿಮರ್ಶಕನ ಮುಖ ನೋಡಿದ. ಚಿತ್ರ ನೋಡಿದ.

ಮಾವ ಕನ್ನಡಕ ಏರಿಸಿಕೊಂಡು, ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ನೀವು ಬಹಳ ಚೆನ್ನಾಗಿ ಬಂದಿದೀರಿ, ಅಳಿಯಂದ್ರೇ," ಎಂದರು. "ಆದ್ರೆ ನಿಮ್ಮ ಹೆಗಲಿಗೆ ಒರಗಿರೋಳು ನನ್ನ ಮಗಳಲ್ಲ."