ನೀರಿಲ್ಲದ ಹಾಲು

ಹೆಂಗಸರ ಅಕ್ಷರ ಕಲಿಕೆಯ ತರಗತಿಯಲ್ಲಿ ಟೀಚರು ಹಲಗೆಯ ಮೇಲೆ ‘ಕಲಬೆರಕೆ’ ಎಂದು ಬರೆದರು.

“ಬೆರೆಸಬಾರದ್ದನ್ನ ಬೆರೆಸೋದು ಅಂತ ಅರ್ಥ. ಯಾರಾದ್ರೂ ಒಂದು ವಾಕ್ಯ ಹೇಳ್ರಿ ನೋಡೋಣ.”

“ಸಾತವ್ವನ ಹಾಲು ಕಲಬೆರಕೆರಿ!” ಹಿಂದಿನಿಂದ ಒಬ್ಬಾಕೆ ಕೂಗಿದಳು. “ನಳಕ್ಕ ನೀರ ಬಂದ ಮ್ಯಾಲೆನ ಆಕಿ ಎಮ್ಮಿ ಹಾಲು ಕೊಡತೈತಿ!”

ಎಲ್ಲರೂ ನಕ್ಕರು. ಸಾತವ್ವ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಶಿವಲೀಲಾ ಮಾತ್ರ ಸಿಡುಕಿದಳು.

“ಸುಮ್ನಿರ್ರೆ. ನನ್ನ ಎದಿಹಾಲು ಬತ್ತಿದಾಗಿಂದ ನನ್ನ ಕೂಸು ಬೆಳದದ್ದು ಆಕಿ ಹಾಲಿನ ಮ್ಯಾಲೆನ. ಅದಕ್ಕ ಛಲೋ ಒಗ್ಗೈತಿ.”

ಸಾತವ್ವನಿಗೆ ಆ ನಗುವಿಗಿಂತ ಈ ಮಾತೇ ಹೆಚ್ಚು ಚುಚ್ಚಿತು. ಅರ್ಧಕ್ಕರ್ಧ ನೀರು ಸುರಿದ ಹಾಲನ್ನು ಆ ಕೂಸಿಗೂ ಅಳೆದು ಕೊಟ್ಟಿದ್ದಳಲ್ಲ! ಮರುದಿನ ಆಕೆ ಹನಿ ನೀರು ಸೋಕಿಸದೆ, ಕರೆದ ಹಾಲನ್ನು ಹಾಗೆಯೇ ಒಯ್ದು ಶಿವಲೀಲಾಳ ಪಾತ್ರೆಗೆ ಹಾಕಿದಳು. ಇವತ್ತು ನೀರು ಹಾಕಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ.

ಅದರ ಮರುದಿನ ಹೋದರೆ ಮನೆಗೆ ಬೀಗ. ಕೂಸಿಗೆ ವಾಂತಿಭೇದಿಯಾಗಿ ದವಾಖಾನೆಗೆ ಒಯ್ದಿದ್ದಾರೆಂದು ನೆರೆಯವರು ಹೇಳಿದರು. ಸಾತವ್ವ ಹಾಲಿನ ಕ್ಯಾನು ಅಲ್ಲೇ ಇಟ್ಟು ಓಡಿದಳು. ಕೂಸಿನ ಪುಟ್ಟ ಕೈಗೆ ಸಲೈನ್ ಹಚ್ಚಿದ್ದರು.

“ಏನಾತವಾ? ಏನ ಕೊಟ್ಟಿದ್ದಿ ಅದಕ್ಕ?”

“ನಿನ್ನ ಹಾಲ ಬಿಟ್ಟು ಏನೂ ಕೊಟ್ಟಿಲ್ಲಕ್ಕಾ,” ಶಿವಲೀಲಾ ಕಣ್ಣೊರೆಸಿಕೊಂಡಳು. “ಎಮ್ಮಿ ಹಾಲು ಕೂಸಿಗೆ ಭಾಳ ಗಟ್ಟಿ ಆಗತೈತಿ, ಅರ್ಧ ನೀರು ಹಾಕಿ ಕೊಡು ಅಂತ ಡಾಕ್ಟರು ಮೊದಲ ಹೇಳಿದ್ರು. ನೀ ಹೆಂಗೂ ಹಾಕೇ ತರತಿ ಅಂತ ನಾ ಒಂದ ದಿನಾನೂ ಹಾಕಿರಲಿಲ್ಲ.”