ನಾನು ಓದಿದ ಊರ ಸುದ್ದಿ

ಮಗಳ ಶಾಲೆಯ ಪೋಷಕರ ಸಭೆಗೆ ಹೋದಾಗಲೆಲ್ಲ, ಬಿಸಿಯೂಟದ ಸಾರಿನ ವಾಸನೆಗೆ ನಮ್ಮೂರು ಹೆಡತಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾನು ಮೂರನೇ ಕ್ಲಾಸು. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಬ್ಬರು ಊರ ಸುದ್ದಿ ಓದಬೇಕಿತ್ತು. ಯಾರ ಮನೆಯ ಹಸು ಕರು ಹಾಕಿತು, ಯಾವ ಬೀದಿಗೆ ನೀರು ಬರಲಿಲ್ಲ, ಇಂಥವು. ನನ್ನ ಸರದಿ ಬಂದಾಗ ಬೇರೇನೂ ತೋಚದೆ, "ನಮ್ಮ ಮನೆಯಲ್ಲಿ ಎರಡು ದಿನದಿಂದ ಒಲೆ ಹಚ್ಚಿಲ್ಲ" ಎಂದು ಓದಿದೆ. ಯಾರೂ ನಗಲಿಲ್ಲ. ಮೇಷ್ಟ್ರು ಚೀಟಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ, ಶಾಲೆಯಲ್ಲಿ ಅಡುಗೆ ಮಾಡುವ ಮಾದೇವಮ್ಮ ಕ್ಯಾರಿಯರಿನಲ್ಲಿ ಅನ್ನ ಸಾರು ತುಂಬಿಕೊಂಡು ನನ್ನ ಜೊತೆ ಮನೆಗೆ ಬಂದಳು. ಅದನ್ನು ಕಂಡದ್ದೇ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಇಂಗೆ ಅನ್ನ ತರಾದು ಸತ್ತೋರ ಮನೆಗೆ ಕಣವ್ವ. ನಮ್ಮನೇಲಿ ಯಾರೂ ಸತ್ತಿಲ್ಲ. ತಕ್ಕಂಡೋಗು."

"ಮೇಷ್ಟ್ರು ಕೊಟ್ಟು ಬಾ ಅಂದ್ರು. ಐಕ್ಳು ಉಣ್ಲಿ, ಮಡಿಕ್ಕಳವ್ವ," ಎಂದಳು ಮಾದೇವಮ್ಮ.

ನನಗೆ ಗಾಬರಿಯಾಯಿತು. ಒಲೆ ಹಚ್ಚದೆ ಬಿಡುವುದು ಸಾವಿನ ಮನೆಯಲ್ಲಿ ಎಂದು ನನಗೂ ಗೊತ್ತಿತ್ತು. ಮನೆಯವರನ್ನು ಎಣಿಸಿದೆ. ಅಜ್ಜಿ ಇದ್ದಳು. ತೊಟ್ಟಿಲಲ್ಲಿ ತಮ್ಮ ಇದ್ದ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಭಾನುವಾರ ತನ್ನ ಬಟ್ಟೆಯನ್ನೆಲ್ಲ ತುಂಬಿದ ಟ್ರಂಕು ಹೊತ್ತು ಟಿ. ನರಸೀಪುರದ ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೆ. ನನ್ನ ಕಡೆ ಕೈಯನ್ನೂ ಬೀಸಿದ್ದ. ಹಾಗಾದರೆ ಸತ್ತವರು ಯಾರು?

ಅವ್ವ ಎದ್ದು ಬಂದು, ಅಜ್ಜಿಯನ್ನು ಸರಿಸಿ, ಕ್ಯಾರಿಯರ್ ಒಳಗಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ, ಮಣ್ಣು ಮಾಡಿ ಬಂದವರ ಹಾಗೆ ತಲೆಗೆ ನೀರು ಹುಯ್ದುಕೊಂಡು ಬಂದು, ಹೊಟ್ಟೆ ತುಂಬ ಉಂಡಳು.